ಬಹುಮಾನವಿಲ್ಲದೆ ಒಂದು ಕೀರ್ತನೆ: ಶಿಬಿರದ ಕೌನ್ಸೆಲರ್ ಆಗಿ ನನ್ನ ಅನುಭವ

ಬಹುಮಾನ ಕೊಡದಿದ್ದರೆ ಮಕ್ಕಳು ಬೈಬಲಿನ ಕಂಠಪಾಠ ವಾಕ್ಯವನ್ನು ಕಲಿಯುವುದಿಲ್ಲ ಎಂದು ಚರ್ಚಿನ ಕಳೆದ ಮಕ್ಕಳ ಶಿಬಿರದ ತಯಾರಿ ಸಭೆಯಲ್ಲಿ ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ದಿನಕ್ಕೊಂದು ಹೊಸ ವಾಕ್ಯ ಬೇಡ, ಐದೂ ದಿನ ಬೈಬಲಿನ ಕೀರ್ತನೆ 23 ಒಂದನ್ನೇ ಹಿಡಿದುಕೊಳ್ಳುತ್ತೇನೆ, ನಕ್ಷತ್ರದ ಚೀಟಿಯನ್ನಾಗಲಿ ಆಟಿಕೆಯನ್ನಾಗಲಿ ಕೊಡುವುದಿಲ್ಲ ಎಂದಾಗ ಖಜಾಂಚಿಯವರೊಬ್ಬರ ಮುಖ ಮಾತ್ರ ಅರಳಿತು.

ಅವರ ಸಂತೋಷಕ್ಕೆ ಕಾರಣವಿತ್ತು. ಹಿಂದಿನ ಶಿಬಿರಗಳಲ್ಲಿ ನನ್ನ ಗುಂಪಿನ ಪಾಲಿಗೆ ಬಂದ ಹಣದಲ್ಲಿ ಸುಮಾರು ಮೂರನೆಯ ಒಂದು ಭಾಗ ಬಹುಮಾನಕ್ಕೇ ಹೋಗುತ್ತಿತ್ತು, ಮತ್ತು ಆ ಆಟಿಕೆಗಳಲ್ಲಿ ಅರ್ಧದಷ್ಟು ಮನೆ ಸೇರುವ ಮೊದಲೇ ಮುರಿಯುತ್ತಿದ್ದವು. ಕರಕುಶಲದ ಸಾಮಾನಿಗೆ ಹಣ ಸಾಲದೆ ಎರಡು ಸಲ ನನ್ನ ಕೈಯಿಂದಲೇ ಹಾಕಿದ್ದೆ. ಅದು ಹಿಂದಿರುಗಲಿಲ್ಲ, ನಾನೂ ಕೇಳಲಿಲ್ಲ.

ಆದರೆ ಹಣಕ್ಕಿಂತ ನನ್ನನ್ನು ಕಾಡಿದ್ದು ಬೇರೆ ಸಂಗತಿ. ಮೊದಲನೆಯ ವರ್ಷ ಒಬ್ಬೊಬ್ಬರಿಗೂ ನಕ್ಷತ್ರ ಅಂಟಿಸಿದೆ: ಸರಾಗವಾಗಿ ಓದಬಲ್ಲ ಮೂವರು ಎಲ್ಲವನ್ನೂ ಬಾಚಿಕೊಂಡರು, ಇನ್ನೂ ಓದಲು ಬಾರದ ಹುಡುಗನೊಬ್ಬ ಮೂರನೆಯ ದಿನದಿಂದ ವಾಕ್ಯ ಒಪ್ಪಿಸುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಎನ್ನತೊಡಗಿದ. ಎರಡನೆಯ ವರ್ಷ ಇಡೀ ಗುಂಪಿಗೆ ಒಂದೇ ಬಹುಮಾನವೆಂದು ಸಾರಿದೆ. ಅದು ಇನ್ನೂ ಕೆಟ್ಟದಾಯಿತು, ಏಕೆಂದರೆ ತಡವರಿಸಿದ ಮಗುವನ್ನು ಉಳಿದವರೇ ದೂರತೊಡಗಿದರು. ಮೂರನೆಯ ವರ್ಷ ಎಲ್ಲರಿಂದಲೂ ಒಟ್ಟಿಗೆ ಗಟ್ಟಿಯಾಗಿ ಕೂಗಿಸಿದೆ. ಸಭಾಪಾಲಕರು (ಚರ್ಚಿನ ಪಾದ್ರಿ) ಮೆಚ್ಚಿದರು, ಆದರೆ ಮರುವಾರ ಸಂಡೇ ಸ್ಕೂಲಿನಲ್ಲಿ ವಿಚಾರಿಸಿದಾಗ ಒಬ್ಬರಿಗೂ ಎರಡನೆಯ ಸಾಲು ನೆನಪಿರಲಿಲ್ಲ.

ಕಳೆದ ಸಲ ನನ್ನ ಗುಂಪಿನಲ್ಲಿ ಹನ್ನೊಂದೋ ಹನ್ನೆರಡೋ ಮಕ್ಕಳಿದ್ದರು, ಆರರಿಂದ ಹತ್ತು ವರ್ಷದವರು. ಕೀರ್ತನೆಯ ಆರು ವಾಕ್ಯಗಳನ್ನು ಐದು ದಿನಕ್ಕೆ ಹೀಗೆ ಹಂಚಿದೆ: ಮೊದಲ ದಿನ ಮೊದಲನೆಯದು ಮಾತ್ರ, ಎರಡನೆಯ ದಿನ ಎರಡು ಮತ್ತು ಮೂರು, ಅನಂತರ ದಿನಕ್ಕೊಂದು. ಮೊದಲ ದಿನವೇ ಎಡವಿದೆವು. ದೇವರು ನನಗೆ ಕುರುಬನು, ನಾನು ಕೊರತೆಪಡುವುದಿಲ್ಲ ಎನ್ನುವ ಆ ವಾಕ್ಯದಲ್ಲಿ 'ಕೊರತೆಪಡೆನು' ಎಂಬ ಹಳೆಯ ನಿಷೇಧರೂಪ ಮಕ್ಕಳ ಕಿವಿಗೆ ಹೊಸದು. ಅರ್ಧದಷ್ಟು ಮಂದಿ ಅದನ್ನು 'ಕೊರತೆ ಪಡೆದೆನು' ಎಂದು ಹೇಳಿ, ಕುರುಬನಿದ್ದೂ ಕೊರತೆಯನ್ನೇ ಸಂಪಾದಿಸಿದರು. ನಾನು ನಗಲಿಲ್ಲ ಎಂದರೆ ಸುಳ್ಳಾಗುತ್ತದೆ. ತಿದ್ದಲು ವ್ಯಾಕರಣ ಹೇಳದೆ, ಆ ಪದ ಬಂದಾಗಲೆಲ್ಲ ಎರಡೂ ಅಂಗೈಗಳನ್ನು ಬಿಚ್ಚಿ ತಲೆಯನ್ನು ಅಡ್ಡಡ್ಡ ಆಡಿಸುವ ಅಭಿನಯವನ್ನು ಸೇರಿಸಿದೆ. ಅಲ್ಲಿಂದ ಮುಂದೆ ಪ್ರತಿಯೊಂದು ವಾಕ್ಯಕ್ಕೂ ಅಭಿನಯವನ್ನು ಮಕ್ಕಳೇ ಕಟ್ಟುವಂತೆ ಬಿಟ್ಟುಬಿಟ್ಟೆ, ಮತ್ತು ಅದನ್ನು ಕಟ್ಟುವ ಹಕ್ಕನ್ನು ಓದಲು ಬಾರದ ಚಿಕ್ಕವರಿಗೇ ಕೊಟ್ಟೆ. ದೊಡ್ಡವರು ಸಾಲನ್ನು ಓದಿ ಹೇಳಬೇಕು, ಚಿಕ್ಕವರು ಕೈಕಾಲು ಆಡಿಸಿ ತೋರಿಸಬೇಕು. ಇದೊಂದೇ ಬದಲಾವಣೆಯಿಂದ ಹೊಟ್ಟೆನೋವುಗಳೆಲ್ಲ ನಿಂತವು.

ಮೂರನೆಯ ದಿನದ ನಾಲ್ಕನೆಯ ವಾಕ್ಯದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯಿದೆ. ಅಲ್ಲಿಯವರೆಗೆ ದೇವರನ್ನು ಕುರಿತು 'ಆತನು' ಎನ್ನುತ್ತಿದ್ದ ಕೀರ್ತನೆಯು ಕತ್ತಲ ಕಣಿವೆಗೆ ಬಂದೊಡನೆ 'ನೀನು' ಎಂದು ನೇರವಾಗಿ ಮಾತನಾಡಿಸುತ್ತದೆ. ಇದನ್ನು ನಾನು ಹೇಳಿಕೊಡಲಿಲ್ಲ. ಅಷ್ಟು ಹೊತ್ತು ದೂರಕ್ಕೆ ಬೆರಳು ತೋರಿಸುತ್ತಿದ್ದ ಏಳು ವರ್ಷದ ಹುಡುಗಿಯೊಬ್ಬಳು ಅಲ್ಲಿ ಬೆರಳನ್ನು ಮಡಿಸಿ, ಪಕ್ಕದಲ್ಲಿ ಯಾರದೋ ಕೈ ಹಿಡಿದಂತೆ ನಿಂತಳು. ಕಾರಣ ಕೇಳಿದಾಗ, ಕತ್ತಲೆಯಲ್ಲಿ ದೂರ ಇರುವವರು ಕಾಣುವುದಿಲ್ಲವಲ್ಲ ಎಂದಳು.

ಎಲ್ಲವೂ ಫಲಿಸಿತೆಂದು ಭಾವಿಸಬೇಡಿ. ಅದೇ ನಾಲ್ಕನೆಯ ವಾಕ್ಯದಲ್ಲಿ ಬರುವ ಕುರುಬನ ದೊಣ್ಣೆಗೂ ಕೋಲಿಗೂ ನಿಜವಾದ ಕೋಲುಗಳನ್ನೇ ತಂದದ್ದು ನನ್ನ ಮೂರ್ಖತನ. ಐದು ನಿಮಿಷದೊಳಗೆ ಕತ್ತಿವರಸೆ ಆರಂಭವಾಗಿ ಒಬ್ಬನ ಬೆರಳು ಊದಿತು, ಸಂಜೆ ಅವನ ತಾಯಿಗೆ ಉತ್ತರ ಹೇಳಬೇಕಾಯಿತು. ಅನಂತರ ಸುತ್ತಿದ ಹಳೆಯ ಪತ್ರಿಕೆಯೇ ಸಾಕಾಯಿತು. ಐದನೆಯ ವಾಕ್ಯದ ತುಂಬಿ ಹೊರಸೂಸುವ ಪಾತ್ರೆಯನ್ನು ತೋರಿಸಲು ನೀರಿನ ರಿಲೇ ಆಟವನ್ನು ಕಟ್ಟಿಗೆಯ ನೆಲದ ಮೇಲೆ ನಡೆಸಿ ಚಾಪೆಗಳನ್ನೆಲ್ಲ ನೆನೆಸಿದೆವು. ಇದನ್ನು ಬಯಲಿನಲ್ಲಿಯೇ ಮಾಡಿ. ನೆರಳಿನ ಆಟವನ್ನೂ ಪ್ರಯತ್ನಿಸಿದೆ, ಆದರೆ ಹಗಲಿನ ಶಿಬಿರದಲ್ಲಿ ಕೋಣೆಯನ್ನು ಕತ್ತಲಾಗಿಸಿದರೆ ಬಾಗಿಲು ಮುಚ್ಚಬೇಕಾಗುತ್ತದೆ. ಮಕ್ಕಳಿರುವ ಕೋಣೆಯ ಬಾಗಿಲು ತೆರೆದಿರಬೇಕು, ಇಬ್ಬರು ದೊಡ್ಡವರು ಇರಲೇಬೇಕು ಎಂಬ ನಿಯಮವನ್ನು ನಾನು ಯಾವ ಕಲೆಗಾಗಿಯೂ ಸಡಿಲಿಸುವವನಲ್ಲ. ಅದನ್ನು ಅಲ್ಲಿಗೇ ಕೈಬಿಟ್ಟೆ.

ಊಟದ ನಂತರದ ಮಂಕು ಹೊತ್ತಿನಲ್ಲಿ ಮಕ್ಕಳನ್ನು ಎಚ್ಚರಗೊಳಿಸಲು ನನ್ನಲ್ಲೊಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನೊಂದಿಗೆ ಒಂದು ವಾರ ದುಡಿದವರಿಗೆ ತಾನಾಗಿಯೇ ತಿಳಿಯುತ್ತದೆ.

ಸಮಾರೋಪದ ದಿನ ಹತ್ತು ಮಕ್ಕಳು ಆರೂ ವಾಕ್ಯಗಳನ್ನು ತಡೆಯಿಲ್ಲದೆ ಒಪ್ಪಿಸಿದರು. ಸುಮಾರು ಎರಡು ತಿಂಗಳ ನಂತರ ಮತ್ತೆ ಕೇಳಿದಾಗ ಏಳೆಂಟು ಮಕ್ಕಳು ಹೇಳಿದರು, ನಡುವೆ ನಿಂತವರು ಕೈಯನ್ನು ಆಡಿಸಿ ಪದವನ್ನು ಹುಡುಕಿಕೊಂಡರು. ಉಳಿದ ಹಣದಲ್ಲಿ ಗಟ್ಟಿಯಾದ ಹಗ್ಗ, ಬಣ್ಣದ ಬಟ್ಟೆ ಮತ್ತು ಒಳ್ಳೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಕೊಂಡೆವು. ಬಹುಮಾನವಿಲ್ಲದೆ ಆಗದು ಎಂದಿದ್ದವರಲ್ಲಿ ಇಬ್ಬರು ಈಗ ತಮ್ಮ ಗುಂಪಿಗೂ ಇದೇ ವಿಧಾನವನ್ನು ಕೇಳಿದ್ದಾರೆ.

ಮುಂದಿನ ಶಿಬಿರಕ್ಕೆ ಕೀರ್ತನೆ 121 ಅನ್ನು ಆರಿಸಿಕೊಂಡಿದ್ದೇನೆ. ಎಂಟು ವಾಕ್ಯಗಳು, ದಿನಗಳು ಐದೇ. ಅದರಲ್ಲಿ ಕಾಯುವ ಮಾತೇ ಮತ್ತೆ ಮತ್ತೆ ಬರುವುದರಿಂದ ಒಂದೇ ಅಭಿನಯ ಸಾಕೋ, ಪ್ರತಿಸಲವೂ ಬೇರೆಯದು ಬೇಕೋ ಎಂಬುದನ್ನು ಆರು ವರ್ಷದವರ ತೀರ್ಮಾನಕ್ಕೆ ಬಿಟ್ಟಿದ್ದೇನೆ.