ಲೇಸರ್ ಅಂಟಿಸಲಿ, ಸುಡುವುದಕ್ಕೆ ಫರ್ನೇಸ್ ಇದೆ

ಪುಡಿಯನ್ನು ಪದರ ಪದರವಾಗಿ ಹರಡಿ, ಲೇಸರ್‌ನಿಂದ ಬೆಸೆದು ತುಂಡು ಕಟ್ಟುವ 3ಡಿ ಮುದ್ರಣ ನನ್ನ ಕೆಲಸ. ಅದರಲ್ಲಿ ಅಲ್ಯೂಮಿನಾ ಅನ್ನುವ ಸೆರಾಮಿಕ್ ಪುಡಿಯನ್ನು ಲೇಸರ್‌ನಿಂದಲೇ ನೇರ ಕರಗಿಸುತ್ತೇನೆ ಅಂತ ಹಟ ಹಿಡಿದು ಸುರಿದ ದುಡ್ಡಿಗೆ ಇನ್ನೊಂದು ಸಣ್ಣ ಫರ್ನೇಸೇ ಬರುತ್ತಿತ್ತು. ಅದು ಕರಗುವುದು 2050 ಡಿಗ್ರಿ ಆಸುಪಾಸಿನಲ್ಲಿ. ಲೇಸರ್ ಬಿದ್ದ ಕಡೆ ಕೆಂಡ, ಪಕ್ಕದಲ್ಲೇ ತಣ್ಣಗಿನ ಪುಡಿ. ಕಿರಣ ಮುಂದೆ ಸರಿದದ್ದೇ ತಡ, ಹಿಂದಿನ ಗೆರೆ ಟಿಕ್ ಟಿಕ್ ಅಂತ ಸೀಳುತ್ತಿತ್ತು. ಜಿರ್ಕೋನಿಯಾ ಅನ್ನುವ ಇನ್ನೊಂದು ಸೆರಾಮಿಕ್ ಬೆರೆಸಿ, ಪುಡಿ ಹರಡಿದ ಬೆಡ್ಡನ್ನೇ 1600 ಡಿಗ್ರಿಗಿಂತ ಹೆಚ್ಚು ಕಾಯಿಸಿದರೆ ಬಿರುಕು ನಿಲ್ಲುತ್ತದೆ, ಜರ್ಮನಿಯ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆಯವರು ಮಾಡಿ ತೋರಿಸಿದ್ದಾರೆ. ಆದರೆ ಆ ಖರ್ಚು ನಮ್ಮಂಥವರ ಕೈಗೆ ಎಟುಕುವುದಿಲ್ಲ.

ಕೊನೆಗೆ ನೈಲಾನ್-12 ಅನ್ನುವ ಪ್ಲಾಸ್ಟಿಕ್ ಪುಡಿಗೆ ಬಂದೆ. ತೂಕದಲ್ಲಿ ಐದರಲ್ಲಿ ಒಂದು ಪಾಲು ನೈಲಾನ್, ಉಳಿದದ್ದು ಅಲ್ಯೂಮಿನಾ. ಲೇಸರ್ ಕರಗಿಸುವುದು ನೈಲಾನನ್ನು ಮಾತ್ರ, ಆಮೇಲೆ ಅದನ್ನು ಸುಟ್ಟು ತೆಗೆದು ಫರ್ನೇಸಿನಲ್ಲಿ ಬೇಯಿಸುವುದು. "ಸೀಮೆಸುಣ್ಣ ಮಾಡ್ತೀಯ ಬಿಡು" ಅಂತ ಗೆಳೆಯರು ನಕ್ಕರು. ಮೊದಲ ತುಂಡುಗಳು ಹಾಗೇ ಇದ್ದವು ಅನ್ನಿ: ಸಾಂದ್ರತೆ ತೂತಿಲ್ಲದ ಗಟ್ಟಿ ಅಲ್ಯೂಮಿನಾದ ಅರ್ಧಕ್ಕಿಂತ ಕಡಿಮೆ, ಉಗುರಲ್ಲಿ ಕೆರೆದರೆ ಪುಡಿ.

ದಾರಿ ತೆರೆದದ್ದು ಒತ್ತಡದಿಂದ. ಇನ್ನೂ ಸುಡದ ಹಸಿ ತುಂಡನ್ನು ರಬ್ಬರ್ ಚೀಲದಲ್ಲಿಟ್ಟು, ಗಾಳಿ ಹೀರಿ, 135 ಡಿಗ್ರಿ ಹತ್ತಿರದ ಎಣ್ಣೆಯಲ್ಲಿ ಸುಮಾರು 60 ಮೆಗಾಪಾಸ್ಕಲ್ (ಸುತ್ತಲಿನ ಗಾಳಿಯ ಒತ್ತಡದ ಹೆಚ್ಚುಕಡಿಮೆ ಆರುನೂರು ಪಟ್ಟು) ಒತ್ತಡ ಕೊಟ್ಟೆ. ನೈಲಾನ್ ಮೆತ್ತಗಾಗಿ, ಒಳಗಿನ ತೂತುಗಳು ಅದುಮಿಕೊಂಡವು. ಚೀಲದ ಒಳಗೆ ಏನು ಸವರುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಅದಿಲ್ಲದಿದ್ದರೆ ಮೂಲೆಗಳು ಮುಕ್ಕಾಗುತ್ತವೆ. ನೈಲಾನ್ ಸುಡುವಾಗ ಮಾತ್ರ ಅವಸರ ಬೇಡ: 200ರಿಂದ 500 ಡಿಗ್ರಿವರೆಗೆ ಗಂಟೆಗೆ ಆರೇಳು ಡಿಗ್ರಿ. ಕರೆಂಟಿನ ಬಿಲ್ ನೋಡಿ ವೇಗ ಹೆಚ್ಚಿಸಿದಾಗೆಲ್ಲ ತುಂಡು ಹೊಟ್ಟೆ ಉಬ್ಬಿಸಿಕೊಂಡು ಬಂತು. ಆಮೇಲೆ 1600ಕ್ಕೆ ಏರಿಸಿ ಎರಡು ಗಂಟೆ. ನೀರಲ್ಲಿ ತೂಗಿದಾಗ ಸಾಂದ್ರತೆ 85 ಶೇಕಡಾ ದಾಟಿತ್ತು. ನಕ್ಕವರೇ ತುಂಡು ಕೈಗೆತ್ತಿಕೊಂಡು ಮೇಜಿಗೆ ತಟ್ಟಿ ಶಬ್ದ ಕೇಳಿದರು!

ನಡುವೆ ಒಂದು ಚಪಲ: ಫೈಬರ್ ಲೇಸರ್ ಅನ್ನುವ ಇನ್ನೊಂದು ಬಗೆಯ ಲೇಸರಿನ ಬೆಳಕನ್ನು ಬಿಳಿ ಅಲ್ಯೂಮಿನಾ ಅಷ್ಟಾಗಿ ಹೀರುವುದಿಲ್ಲವಲ್ಲ, ಚಿಟಿಕೆ ಗ್ರಾಫೈಟ್ ಬೆರೆಸಿ ನೋಡಿದೆ. ಹೀರಿತು ನಿಜ, ಆದರೆ ಕರಗಿದ್ದು ಗುಂಡುಗುಂಡಾಗಿ ನಿಂತು, ಹೊಗೆ ಲೆನ್ಸಿಗೆ ಕೂತಿತು. ಲೆನ್ಸಿನ ಬೆಲೆ ನೆನಪಾಗಿ ಅಲ್ಲಿಗೇ ಕೈಬಿಟ್ಟು, ಮೊದಲಿನ ಕಾರ್ಬನ್ ಡೈಆಕ್ಸೈಡ್ ಲೇಸರಿಗೆ ಮರಳಿದೆ.

ಒತ್ತಿದಾಗ, ಬೇಯಿಸಿದಾಗ, ಎರಡೂ ಸಲ ಕುಗ್ಗುತ್ತದೆ. ಪ್ರತಿ ಅಳತೆಯೂ ಒಟ್ಟಿಗೆ ಮೂರನೇ ಒಂದು ಭಾಗ ಕುಗ್ಗುತ್ತದೆ ಅನ್ನುವ ಲೆಕ್ಕ ಹಿಡಿದು ಮುದ್ರಿಸುವ ಚಿತ್ರ ದೊಡ್ಡದು ಮಾಡಿ. ಒಳಗಾಲುವೆ ಇರುವ ತುಂಡಿಗೆ ಈ ಎಣ್ಣೆ ಒತ್ತಡ ಆಗಿಬರುವುದಿಲ್ಲ, ಕಾಲುವೆ ಕುಸಿಯುತ್ತದೆ. ಅಂಥವಕ್ಕೆ ನಿರ್ವಾತದಲ್ಲಿ ಅಲ್ಯೂಮಿನಾ ಗೊಜ್ಜು ಇಂಗಿಸುತ್ತಿದ್ದೇನೆ. ಎಣ್ಣೆಯಲ್ಲಿ ಒತ್ತಿದ್ದಕ್ಕಿಂತ ಸಾಂದ್ರತೆ ಒಂದಿಷ್ಟು ಇಳಿಯುತ್ತದೆ, ಕಾಲುವೆ ಉಳಿಯುತ್ತದೆ.