ಮಕ್ಕಳ ಜೊತೆ ಕೆರೆ ಕಟ್ಟೆಯಲ್ಲಿ ಗಾಳ ಹಾಕೋದು ಹೇಗೆ?

ಮಕ್ಕಳಿಗೆ ಮೀನು ಹಿಡಿಯುವುದನ್ನು ಕಲಿಸಬೇಕು, ಜೊತೆಗೆ ನೀವೂ ಕಲಿಯಬೇಕು ಅಂತಿದ್ದರೆ ಮೊದಲ ದಿನವೇ ಕಾರವಾರದ ಕಡೆ ಗಾಡಿ ತಿರುಗಿಸಬೇಡಿ. ಹುಬ್ಬಳ್ಳಿಯಿಂದ ಅದು 150 ಕಿಲೋಮೀಟರಿಗೂ ಜಾಸ್ತಿ ದೂರ. ಅಲ್ಲಿನ ಜಟ್ಟಿಯ ಮೇಲೆ, ಅಂದರೆ ದೋಣಿ ನಿಲ್ಲುವ ಕಟ್ಟೆಯ ಮೇಲೆ, ಗಾಳಿ, ಅಲೆ, ಉಬ್ಬರ ಇಳಿತ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ಅದೇ ಕೆಲಸ, ಅಂದರೆ ಗಟ್ಟಿ ಕಟ್ಟೆಯ ಮೇಲೆ ಕೂತು ಕೆಳಗಿನ ನೀರಿಗೆ ಗಾಳ ಬಿಟ್ಟು ಕಾಯುವುದನ್ನು, ನಮ್ಮ ಕಡೆಯ ಕೆರೆಯ ಮೆಟ್ಟಿಲ ಮೇಲೆ ನೆಮ್ಮದಿಯಾಗಿ ಕಲಿಯಬಹುದು. ಇನ್ನೊಂದು ಮಾತು: ದಾರ ಸುತ್ತುವ ರೀಲ್ ಇರುವ ರಾಡ್ ಈಗಲೇ ಬೇಡ. ಬಿದಿರು ಕೋಲಿನಿಂದ ಶುರು ಮಾಡಿ. ರೀಲ್ ಕೊಟ್ಟರೆ ಮಗುವಿನ ಅರ್ಧ ದಿನ ದಾರದ ಗಂಟು ಬಿಡಿಸುವುದರಲ್ಲೇ ಹೋಗುತ್ತದೆ. ಕೋಲು ಕೊಟ್ಟರೆ ಮಗು ನೀರು ನೋಡುತ್ತದೆ, ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ನೋಡುತ್ತದೆ, ಮೀನಿನ ಗುಣ ತಿಳಿಯುತ್ತದೆ.

ಮೊದಲು ಕೇಳಿ, ಆಮೇಲೆ ಗಾಳ

ಕೆರೆ ಊರಿನದ್ದೇ ಇರಬಹುದು, ಆದರೆ ಅದರೊಳಗಿನ ಮೀನು ಸಾಮಾನ್ಯವಾಗಿ ಯಾರೋ ದುಡ್ಡು ಕೊಟ್ಟು ಗುತ್ತಿಗೆ ಹಿಡಿದದ್ದು. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಡುತ್ತದೆ, ಸಣ್ಣವನ್ನು ಗ್ರಾಮ ಪಂಚಾಯಿತಿ. ಗುತ್ತಿಗೆ ಹಿಡಿದವರು ಕಾಟ್ಲಾ, ರೋಹು, ಮೃಗಾಲ್ ಮರಿ ತಂದು ಬಿಟ್ಟು ತಿಂಗಳುಗಟ್ಟಲೆ ಕಾಯುತ್ತಾರೆ. ಅದು ಅವರ ಬೆಳೆ. ಹೊಲದವರನ್ನು ಕೇಳದೆ ಕಡಲೆ ಗಿಡ ಕೀಳುವುದು ಸರಿಯಲ್ಲ ಅಲ್ವಾ, ಇದೂ ಹಾಗೇ. ಕೆರೆ ಕಾಯುವವರ ಹತ್ತಿರ ಹೋಗಿ, ‘ಕಾಕಾ, ಹುಡುಗ್ರಿಗೆ ಕಲಿಸಬೇಕಾಗೇತಿ, ಸಣ್ಣ ಗಾಳ ಹಾಕ್ತೀವ್ರಿ, ಜಿಲೇಬಿ ಅಷ್ಟ ಹಿಡಿತೀವ್ರಿ’ ಅಂತ ಹೇಳಿ ನೋಡಿ. ಬೇಡ ಅಂದರೆ ಬೇರೆ ಕೆರೆ ನೋಡಿಕೊಳ್ಳಿ, ವಾದ ಬೇಡ.

ಜಿಲೇಬಿ ಅಂತ ಸುಮ್ನೆ ಹೇಳಿದ್ದಲ್ಲ. ತಿಲಾಪಿಯಾ ಜಾತಿಯ ಈ ಮೀನು ಆಫ್ರಿಕಾದ್ದು, 1952ರಲ್ಲಿ ನಮ್ಮ ದೇಶಕ್ಕೆ ಬಂತು. ವರ್ಷಕ್ಕೆ ಹಲವು ಬಾರಿ ಮರಿ ಹಾಕಿ ಕೆರೆ ತುಂಬಿಕೊಳ್ಳುತ್ತದೆ, ಬೇರೆ ಮೀನುಗಳ ಮೇವಿಗೂ ಬಾಯಿ ಹಾಕುತ್ತದೆ. ದಡದ ಹತ್ತಿರವೇ ಓಡಾಡುವುದರಿಂದ ಮಕ್ಕಳ ಗಾಳಕ್ಕೂ ಸಿಗುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಮೀನು ನನಗೆ ಗೊತ್ತಿಲ್ಲ.

ಗದಗ ಜಿಲ್ಲೆಯವರು ಒಂದು ನೆನಪಿಡಿ. ಮಾಗಡಿ ಕೆರೆಗೆ ಗಾಳ ಒಯ್ಯಬೇಡಿ. ಅದು ಹಕ್ಕಿಗಳಿಗಾಗಿ ಕಾಯ್ದಿಟ್ಟ ಜಾಗ, 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಚಳಿಗಾಲದಲ್ಲಿ ಪಟ್ಟೆ ತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. ಮಕ್ಕಳನ್ನು ಅವನ್ನು ನೋಡಲಿಕ್ಕೆ ಕರೆದುಕೊಂಡು ಹೋಗಿ.

ಹಾವೇರಿ ಕಡೆಯವರಿಗೆ ವರದಾ ಇದೆ, ತುಂಗಭದ್ರಾ ಇದೆ, ಗಳಗನಾಥದಲ್ಲಿ ಎರಡೂ ಕೂಡುತ್ತವೆ. ಆದರೆ ಹೊಳೆ ಹೊಸಬರ ಜಾಗ ಅಲ್ಲ. ಮೇಲೆ ಭದ್ರಾ ಜಲಾಶಯದಿಂದಲೋ ಗಾಜನೂರಿನ ತುಂಗಾ ಅಣೆಕಟ್ಟೆಯಿಂದಲೋ ನೀರು ಬಿಟ್ಟರೆ ಇಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. ಮಳೆಗಾಲದಲ್ಲಂತೂ ಹತ್ತಿರ ಹೋಗಲೇಬೇಡಿ. ಅದು ಮೀನು ಮೊಟ್ಟೆ ಇಡುವ ಕಾಲವೂ ಹೌದು. ಬೇಸಿಗೆಯಲ್ಲಿ ಹೋಗುವುದಾದರೆ, ಮೊಸಳೆ ಕಾಣಿಸಿಕೊಳ್ಳುತ್ತದೆಯೇ ಅಂತ ಊರವರನ್ನು ಕೇಳಿಯೇ ದಡಕ್ಕೆ ಹೋಗಿ.

ಮಕ್ಕಳಿದ್ದಾರೆ ಅನ್ನುವುದು ಮರೆಯಬಾರದು

ನಮ್ಮ ಕೆರೆಗಳ ದೊಡ್ಡ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಬೇಸಿಗೆಯಲ್ಲಿ ಮಣ್ಣು ತೆಗೆದ ಗುಂಡಿಗಳು ಮಳೆ ಬಂದ ಮೇಲೆ ನೀರಿನಡಿ ಮುಚ್ಚಿಹೋಗುತ್ತವೆ. ಮೊಣಕಾಲುದ್ದ ನೀರು ಅಂದುಕೊಂಡು ಇಟ್ಟ ಮುಂದಿನ ಹೆಜ್ಜೆ ಆಳಕ್ಕೆ ಹೋಗುತ್ತದೆ, ಹೂಳಿನಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಯಾರೂ ನೀರಿಗೆ ಇಳಿಯುವಂತಿಲ್ಲ. ಗಾಳ ಸಿಕ್ಕಿಹಾಕಿಕೊಂಡರೆ ದಾರ ಕಡಿದುಕೊಳ್ಳಲಿ, ಹೊಸದು ಕಟ್ಟಿದರಾಯಿತು.

ಪಾಚಿ ಕಟ್ಟಿದ ಮೆಟ್ಟಿಲಿಗಿಂತ ಎರಡು ಮೆಟ್ಟಿಲು ಮೇಲೆ ಕೂರಿ. ಸಣ್ಣ ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿ. ಒಬ್ಬ ದೊಡ್ಡವರು ಮಕ್ಕಳನ್ನು ನೋಡುವುದಕ್ಕೆಂದೇ ಇರಲಿ, ಅವರ ಕೈಯಲ್ಲಿ ಕೋಲೂ ಬೇಡ, ಮೊಬೈಲೂ ಬೇಡ. ಐದು ಲೀಟರಿನ ಖಾಲಿ ಕ್ಯಾನಿನ ಮುಚ್ಚಳ ಬಿಗಿದು, ಉದ್ದ ಹಗ್ಗ ಕಟ್ಟಿ ಪಕ್ಕದಲ್ಲಿಡಿ. ಯಾರಾದರೂ ಬಿದ್ದರೆ ಎಸೆಯಲು ಅದು ಬೇಕಾಗುತ್ತದೆ. ಈಜು ಬರದವರು ಹಿಂದೆ ಹಾರುವುದರಿಂದಲೇ ಒಂದು ಅನಾಹುತ ಎರಡಾಗುತ್ತದೆ. ಇನ್ನು ಕೋಲು ಎತ್ತುವ ಮುಂಚೆ ಮೇಲೆ ನೋಡಿ. ಕೆರೆ ಏರಿಯ ಮೇಲೆ ಕರೆಂಟ್ ತಂತಿ ಹಾದುಹೋಗಿದ್ದರೆ ಆ ಜಾಗವೇ ಬೇಡ, ಹಸಿ ಬಿದಿರೂ ಕರೆಂಟ್ ಎಳೆಯುತ್ತದೆ.

ಗಾಳ ಕಟ್ಟುವುದು

ನಿಮ್ಮೂರಿನ ಮೇದಾರ ಓಣಿಯಲ್ಲಿ ಹತ್ತರಿಂದ ಹನ್ನೆರಡು ಅಡಿಯ ಸಪೂರ ಬಿದಿರು ಕೇಳಿ, ಮಕ್ಕಳಿಗೆ ಏಳೆಂಟು ಅಡಿ ಸಾಕು. ತುದಿ ಬಾಗಬೇಕು, ಬುಡ ಗಟ್ಟಿ ಇರಬೇಕು. ಕೋಲು ಎಷ್ಟು ಉದ್ದವೋ ನೈಲಾನ್ ದಾರವೂ ಹೆಚ್ಚುಕಡಿಮೆ ಅಷ್ಟೇ ಇರಲಿ. ಉದ್ದ ಬಿಟ್ಟರೆ ಗಾಳ ಹಿಂದೆ ಕೂತವರ ಬಟ್ಟೆಗೆ ಸಿಗುತ್ತದೆ. ಗಾಳ 10 ಅಥವಾ 12ನೇ ನಂಬರಿನದು ತನ್ನಿ. ನಂಬರ್ ಹೆಚ್ಚಾದಷ್ಟೂ ಗಾಳ ಸಣ್ಣದು. ಜಿಲೇಬಿಯ ಬಾಯಿ ಸಣ್ಣ, ದೊಡ್ಡ ಗಾಳ ಹಾಕಿದರೆ ಎರೆ, ಅಂದರೆ ಗಾಳಕ್ಕೆ ಸಿಕ್ಕಿಸಿದ ತಿನಿಸು, ಅಷ್ಟನ್ನೇ ತಿಂದು ಹೋಗುತ್ತದೆ, ಸಿಗುವುದಿಲ್ಲ. ಗಾಳದ ತುದಿಯ ಹತ್ತಿರ ಹಿಂದಕ್ಕೆ ಚಾಚಿರುವ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಒಂದೆರಡು ಮೀನು ತಪ್ಪಿಸಿಕೊಂಡಾವು, ಆದರೆ ಮಗುವಿನ ಬೆರಳಿಗೆ ಚುಚ್ಚಿದರೆ ಸಲೀಸಾಗಿ ಹೊರಬರುತ್ತದೆ. ಒಳಮುಳ್ಳಿರುವ ಗಾಳ ಆಳಕ್ಕೆ ಹೋದರೆ ಎಳೆಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಗಂಟು ಹೀಗೆ: ದಾರವನ್ನು ಗಾಳದ ಕಣ್ಣಿನೊಳಗೆ ತೂರಿಸಿ. ತುದಿಯನ್ನು ಮೇಲಿನ ದಾರಕ್ಕೆ ಐದಾರು ಸುತ್ತು ಸುತ್ತಿ. ಗಾಳದ ಕಣ್ಣಿನ ಪಕ್ಕದಲ್ಲಿ ಒಂದು ಸಣ್ಣ ಕುಣಿಕೆ ಉಳಿದಿರುತ್ತದೆ, ತುದಿಯನ್ನು ಅದರೊಳಗಿಂದ ವಾಪಸ್ ತನ್ನಿ. ಒದ್ದೆ ಮಾಡಿ ನಿಧಾನ ಬಿಗಿಯಿರಿ. ಒಣಗಿದ್ದಾಗಲೇ ಬಿಗಿದರೆ ತಿಕ್ಕಾಟದಿಂದ ದಾರ ಬಿಸಿಯಾಗಿ ಅಲ್ಲೇ ಸೋಲುತ್ತದೆ.

ಬೆಂಡಿಗೆ ಅಂಗಡಿಗೆ ಹೋಗಬೇಕಿಲ್ಲ. ಒಣ ಜೋಳದ ದಂಟಿನ ಸಿಪ್ಪೆ ಸುಲಿದರೆ ಒಳಗಿನದೇ ಬೆಂಡು, ಮಕ್ಕಳು ಬಂಡಿ ಮಾಡಿ ಆಡುತ್ತಾರಲ್ಲ, ಅದೇ. ಬೆರಳುದ್ದದ ತುಂಡು ಸಾಕು, ಮೇಲಿನ ತುದಿಗೆ ಕೆಂಪು ಉಗುರುಬಣ್ಣ ಹಚ್ಚಿದರೆ ದೂರಕ್ಕೂ ಕಾಣುತ್ತದೆ. ತುಂಬಾ ಹೊತ್ತು ನೆನೆದರೆ ನೀರು ಕುಡಿಯುತ್ತದೆ, ನಾಲ್ಕೈದು ಮಾಡಿಟ್ಟುಕೊಳ್ಳಿ. ಗಾಳದಿಂದ ಒಂದು ಗೇಣು ಮೇಲೆ ದಾರಕ್ಕೆ ಸಣ್ಣ ಸೀಸದ ಗುಂಡು ಒತ್ತಿ. ಬೆಂಡು ನೀರಿನಲ್ಲಿ ಅಡ್ಡ ಬಿದ್ದರೆ ಸೀಸ ಕಡಿಮೆ, ಮುಳುಗಿದರೆ ಜಾಸ್ತಿ. ನೆಟ್ಟಗೆ ನಿಂತು ತುದಿ ಮಾತ್ರ ಕಾಣುತ್ತಿದ್ದರೆ ಸರಿ. ಸೀಸ ಮುಟ್ಟಿದ ಕೈಯಲ್ಲಿ ರೊಟ್ಟಿ ಮುರಿಯಬಾರದು, ಮಕ್ಕಳು ಅದನ್ನು ಹಲ್ಲಿನಿಂದ ಕಚ್ಚಲೇಬಾರದು.

ಎರೆ

ಎರೆಹುಳು ಎಲ್ಲಕ್ಕಿಂತ ಚಲೋ. ಬೇಸಿಗೆಯಲ್ಲಿ ಎರೆಭೂಮಿ ಬಿರಿದು ಕಲ್ಲಾಗಿರುತ್ತದೆ, ಆಗ ಬಚ್ಚಲ ನೀರು ಹರಿಯುವ ಕಡೆ, ಬಾಳೆ ಬುಡದಲ್ಲಿ ಅಗೆದು ನೋಡಿ. ಹುಳು ಮುಟ್ಟಲು ಹೇಸುವವರಿಗೆ ಹಿಟ್ಟಿದೆ. ಗೋಧಿ ಹಿಟ್ಟೇ ಬೇಕು, ಜೋಳದ ಹಿಟ್ಟಿನಲ್ಲಿ ಜಿಗುಟಿಲ್ಲ, ನೀರಿಗೆ ಬಿದ್ದ ಕೂಡಲೇ ಕರಗುತ್ತದೆ. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ, ಸ್ವಲ್ಪ ಶೇಂಗಾ ಹಿಂಡಿ ಸೇರಿಸಿ, ಚೂರು ಹತ್ತಿಯ ಎಳೆ ಬೆರೆಸಿದರೆ ಗಾಳಕ್ಕೆ ಅಂಟಿಕೊಂಡಿರುತ್ತದೆ. ಕಡಲೆ ಕಾಳಿನಷ್ಟು ಉಂಡೆ ಸಾಕು.

ಕಾಯುವುದು, ಎಳೆಯುವುದು

ಬೆಳಗ್ಗೆ ಬಿಸಿಲೇರುವ ಮುಂಚೆ, ಇಲ್ಲವೇ ಸಂಜೆ ಬಿಸಿಲು ಇಳಿದ ಮೇಲೆ ಹೋಗಿ. ಗಾಳ ಎಸೆಯುವ ಗೋಜು ಬೇಡ. ಎರೆಯನ್ನು ಎಡಗೈಯಲ್ಲಿ ಹಿಡಿದು, ಕೋಲನ್ನು ಮುಂದಕ್ಕೆ ಚಾಚುತ್ತಾ ಬಿಟ್ಟುಬಿಡಿ, ತಾನೇ ತೂಗಿಕೊಂಡು ಹೋಗಿ ನೀರಿಗೆ ಬೀಳುತ್ತದೆ. ಎರೆ ತಳಕ್ಕಿಂತ ಒಂದು ಗೇಣು ಮೇಲಿರುವಂತೆ ಬೆಂಡನ್ನು ಜರುಗಿಸಿ.

ಇನ್ನು ಬೆಂಡು ಓದುವುದು. ಕಲಿಯಬೇಕಾದ ವಿದ್ಯೆ ನಿಜವಾಗಿ ಇದೇ. ಟಕಟಕ ಅಂತ ಸಣ್ಣಗೆ ಕುಣಿದರೆ ಮರಿಗಳು ಎರೆ ಕುಕ್ಕುತ್ತಿವೆ, ಎಳೆಯಬೇಡಿ. ಬೆಂಡು ಓರೆಯಾಗಿ ಒಂದು ಕಡೆ ಜಾರತೊಡಗಿದರೆ ಅಥವಾ ಮುಳುಗಿ ಮೇಲೆ ಬರದಿದ್ದರೆ ಮೀನು ಬಾಯಿಗೆ ಹಾಕಿಕೊಂಡಿದೆ. ಆಗ ಮಣಿಕಟ್ಟಿನಿಂದ ಸಣ್ಣ ಎಳೆತ ಸಾಕು, ಪೂರ್ತಿ ತೋಳು ಬೀಸಿದರೆ ಮೀನಿನ ತುಟಿ ಹರಿಯುತ್ತದೆ. ಕೆಲವೊಮ್ಮೆ ಬೆಂಡು ಮೇಲೆದ್ದು ಅಡ್ಡ ಮಲಗುತ್ತದೆ, ಅಂದರೆ ಮೀನು ಎರೆಯನ್ನು ಎತ್ತಿಕೊಂಡು ಮೇಲೆ ಬಂದಿದೆ, ಆಗಲೂ ಎಳೆಯಿರಿ. ಅರ್ಧ ತಾಸಾದರೂ ಬೆಂಡು ಅಲುಗದಿದ್ದರೆ ಆಳ ಬದಲಿಸಿ, ಆಮೇಲೆ ಜಾಗ ಬದಲಿಸಿ. ಮಕ್ಕಳಿಗೆ ಬೇಜಾರಾಗುವ ಮೊದಲೇ ಚುರುಮುರಿ ಬಿಚ್ಚಿ, ಎರಡು ತಾಸಿಗಿಂತ ಹೆಚ್ಚು ಕೂರಿಸಬೇಡಿ.

ಸಿಕ್ಕ ಮೇಲೆ

ಕೈ ಒದ್ದೆ ಮಾಡಿಕೊಂಡು, ಜಿಲೇಬಿಯ ಬೆನ್ನಿನ ಮುಳ್ಳುಗಳನ್ನು ತಲೆಯಿಂದ ಬಾಲದ ಕಡೆಗೆ ಸವರಿ ಮಡಚಿ ಹಿಡಿಯಿರಿ. ಕಪ್ಪಗೆ ಸಪೂರ, ಮೀಸೆ ಇರುವ ಚೇಳು ಮೀನು ಸಿಕ್ಕರೆ ಮಕ್ಕಳು ಮುಟ್ಟುವುದು ಬೇಡ, ಪಕ್ಕದ ರೆಕ್ಕೆಯ ಮುಳ್ಳಿನಲ್ಲಿ ವಿಷವಿದೆ. ದಾರ ಕಡಿದು ಬಿಡಿ. ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿ ನೀರಿನಲ್ಲಿ ಕೈ ಇಟ್ಟರೆ ನೋವು ಇಳಿಯುತ್ತದೆ, ಆಮೇಲೆ ಡಾಕ್ಟರಿಗೆ ತೋರಿಸಿ.

ರೋಹು, ಕಾಟ್ಲಾ ಬಿದ್ದರೆ ಗುತ್ತಿಗೆಯವರನ್ನು ಕೇಳಿ, ಇಲ್ಲವೇ ವಾಪಸ್ ಬಿಡಿ. ಊರಿನ ಚರಂಡಿ ಸೇರುವ ಕೆರೆಯ ಮೀನು ತಿನ್ನಬೇಡಿ. ಒಳ್ಳೆಯ ನೀರಿನದಾದರೆ ಉಪ್ಪು, ಲಿಂಬೆಹುಳಿ ಹಚ್ಚಿ ತೊಳೆದು, ಅರಿಶಿನ ಮತ್ತು ಬ್ಯಾಡಗಿ ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ ಹುರಿಯಿರಿ. ಮಕ್ಕಳಿಗೆ ಮುಳ್ಳು ಬಿಡಿಸಿಯೇ ಕೊಡಿ. ಕೈಗೆ ಸಿಗುವ ದಾರದ ಒಂದು ಚೂರೂ ಕೆರೆಯಲ್ಲಿ ಉಳಿಯಬಾರದು. ಕೊಕ್ಕರೆಗಳ ಕಾಲಿಗೆ ಸುತ್ತಿಕೊಂಡರೆ ಅವು ಹಾರಲಾಗದೆ ಸಾಯುತ್ತವೆ.

ಆಮೇಲೆ ಜಟ್ಟಿ

ಬೆಂಡು ಓದುವುದು ಕೈಗೆ ಬಂದ ಮೇಲೆ ಸಮುದ್ರಕ್ಕೆ ಹೋಗಿ. ಅಲ್ಲಿ ರೀಲ್ ಬೇಕು, ಭಾರದ ಸೀಸ ಬೇಕು, ಎರೆಗೆ ಸಿಗಡಿ ತುಂಡು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನೀರು ಏರುವಾಗ ಅಥವಾ ಇಳಿಯುವಾಗ ಮೀನು ಚುರುಕು, ನಿಂತ ನೀರಿನಲ್ಲಿ ಮಂಕು. ಕಾರವಾರದಲ್ಲಿ ನೌಕಾನೆಲೆಯೂ ಬಂದರೂ ಇರುವುದರಿಂದ ಎಲ್ಲೆಂದರಲ್ಲಿ ಕೂರುವಂತಿಲ್ಲ, ಯಾವ ಕಟ್ಟೆಯ ಮೇಲೆ ಬಿಡುತ್ತಾರೆ ಅಂತ ಅಲ್ಲಿನ ಮೀನುಗಾರರನ್ನೇ ಕೇಳಿ. ಅಲೆ ಜೋರಿದ್ದ ದಿನ ಮಕ್ಕಳನ್ನು ಜಟ್ಟಿಯ ಅಂಚಿಗೆ ಬಿಡಬೇಡಿ. ಮನೆಗೆ ಬಂದ ರಾತ್ರಿಯೇ ರೀಲು, ಗಾಳ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ಒರೆಸಿಡಿ, ಉಪ್ಪುನೀರು ಹಾಗೇ ಉಳಿದರೆ ಬೇಗ ತುಕ್ಕು ಹಿಡಿಯುತ್ತವೆ.