ಅಕ್ಕಿ ತೊಳೆಯದ ದಿನ

ನಮ್ಮ ಮನೆಯಿಂದ ಉಡುಪಿಯ ರಥಬೀದಿಗೆ ಹತ್ತು ನಿಮಿಷದ ದಾರಿ. ಮದುವೆಯಾಗಿ ಬಂದ ಹೊಸತರಲ್ಲಿ ಏಕಾದಶಿ ಅಂದರೆ ನನಗೆ ಮಧ್ಯಾಹ್ನದ ಊಟ ಇಲ್ಲದ ದಿನ, ಅಷ್ಟೇ. ಸಂಜೆಯ ಫಲಾರಕ್ಕೆ ಸಜ್ಜಿಗೆ, ಅವಲಕ್ಕಿ, ಬಾಳೆಹಣ್ಣು ಇರುತ್ತಿತ್ತು. ಬೆಳಿಗ್ಗೆಯಿಂದ ಮನಸ್ಸೆಲ್ಲ ಅದರ ಮೇಲೆಯೇ. ಅತ್ತೆಯದು ಮಾತ್ರ ಕಟ್ಟುನಿಟ್ಟು. ದಶಮಿಯಂದು ಒಂದೇ ಹೊತ್ತು ಊಟ, ಏಕಾದಶಿಯಂದು ಒಂದು ಸಲ ತೀರ್ಥ, ಮತ್ತೆ ದ್ವಾದಶಿ ಬೆಳಿಗ್ಗೆ ಪಾರಣೆ, ಅಂದರೆ ಉಪವಾಸ ಮುಗಿಸುವ ಊಟ.

ಒಂದು ಏಕಾದಶಿಯ ದಿನ, ಹೇಗೂ ಅಡುಗೆ ಇಲ್ಲವಲ್ಲ ಅಂತ ನಾನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆಯುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, "ಅಕ್ಕಿ ತೊಳೆಯುವ ಕೆಲಸ ತಪ್ಪಿದ್ದು ಡಬ್ಬಿ ತೊಳೆಯಲಿಕ್ಕಾ ಮಾರಾಯ್ತಿ? ದೇವರ ಹತ್ತಿರ ಎಷ್ಟು ಹೊತ್ತು ಕೂತೆ?" ಅಂದರು. ಉಪವಾಸ ಅಂದರೆ ಹತ್ತಿರ ಇರುವುದು ಎಂದು ಎಷ್ಟೋ ಸಲ ಕೇಳಿದ್ದೆ. ಅದು ನನಗೆ ತಾಗಿದ್ದು ಅವತ್ತು.

ಆಮೇಲೆ ಹುರುಪಿನಲ್ಲಿ ನಿರ್ಜಲ ಉಪವಾಸಕ್ಕೆ ಇಳಿದೆ. ಮೇ ತಿಂಗಳ ಸೆಕೆ, ಕೆಲಸದ ಮೇಲೆ ಮಂಗಳೂರಿಗೆ ಹೋದವಳಿಗೆ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಕಣ್ಣು ಕತ್ತಲೆ ಬಂತು. ನೀರು, ಗೆಡ್ಡೆ, ಹಣ್ಣು, ಹಾಲು, ಔಷಧಿಗಳಿಂದ ವ್ರತ ಕೆಡುವುದಿಲ್ಲ ಎಂಬ ಮಾತು ಮಹಾಭಾರತದ ವಿದುರನೀತಿಯಲ್ಲೇ ಇದೆ. ಅಂದಿನಿಂದ ನೀರು ಕುಡಿಯುತ್ತೇನೆ, ತೀರಾ ಸುಸ್ತಾದರೆ ಒಂದು ಲೋಟ ಹಾಲು. ನಿರ್ಜಲವೇ ಮೇಲು ಅನ್ನುವವರ ನಿಷ್ಠೆಗೆ ಕೈ ಮುಗಿಯುತ್ತೇನೆ. ನನ್ನ ದೇಹಕ್ಕೆ ಇಷ್ಟೇ ಸಾಧ್ಯ.

ನನಗೆ ಕಷ್ಟದ ಹೊತ್ತು ಮಧ್ಯಾಹ್ನವಲ್ಲ, ಸಂಜೆ ನಾಲ್ಕು ಗಂಟೆ. ಪಕ್ಕದ ಮನೆಯವರು ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವು ಹಾಕಿ ಒಗ್ಗರಣೆ ಕೊಡುತ್ತಾರೆ. ಚಟಪಟ ಕೇಳುತ್ತಲೇ ಬಾಯಲ್ಲಿ ನೀರು. ಹೊಟ್ಟೆ ಸುಮ್ಮನೆ ಇರುತ್ತದೆ, ಹಟ ಮಾಡುವುದು ನಾಲಿಗೆ. ಉಣ್ಣದವನಿಂದ ವಿಷಯಗಳು ದೂರ ಸರಿದರೂ ರುಚಿಯ ಆಸೆ ಉಳಿಯುತ್ತದೆ, ಪರಮಾತ್ಮನನ್ನು ಕಂಡ ಮೇಲೆಯೇ ಅದೂ ಹೋಗುವುದು ಎಂದು ಗೀತೆಯ ಎರಡನೇ ಅಧ್ಯಾಯದಲ್ಲಿ ಕೃಷ್ಣ ಹೇಳಿದ್ದು ಇದನ್ನೇ. ಊಟ ಬಿಡುವುದು ನನ್ನ ಕೈಯಲ್ಲಿದೆ, ಆಸೆ ಬಿಡಿಸುವವನು ಅವನು. ಹಾಗಾಗಿ ಆ ಹೊತ್ತಿಗೆ ಸರಿಯಾಗಿ ಸಹಸ್ರನಾಮ ಹಿಡಿದು ಕೂರುತ್ತೇನೆ. ಮನಸ್ಸು ಒಗ್ಗರಣೆಯ ಕಡೆ ಓಡಿದರೆ, ಬಿಟ್ಟ ನಾಮದಿಂದ ಮತ್ತೆ ಶುರು. ಕೆಲವೊಮ್ಮೆ ಕೃಷ್ಣಮಠದ ಕಡೆ ನಡೆದು ಕನಕನ ಕಿಂಡಿಯ ಮುಂದೆ ನಿಲ್ಲುತ್ತೇನೆ. ಬೇರೆ ದಿನ ಕಿಂಡಿಯಲ್ಲಿ ಇಣುಕಿ ಕೈಮುಗಿದು ಓಡುವವಳು, ಅಂದು ನಿಲ್ಲುತ್ತೇನೆ. ಮನೆಯಲ್ಲಿ ಕುಕ್ಕರ್ ಕಾಯುತ್ತಿಲ್ಲವಲ್ಲ.

ಪಾರಣೆಗೆ ನಮ್ಮಲ್ಲಿ ಬೆಳಿಗ್ಗೆ ಬೇಗ ಅಡುಗೆ. ದೂರ್ವಾಸರು ಸ್ನಾನ ಮುಗಿಸಿ ಬರುವಷ್ಟರಲ್ಲಿ ದ್ವಾದಶಿ ಮೀರೀತೆಂದು ಅಂಬರೀಷ ಬರೀ ನೀರು ಕುಡಿದು ವ್ರತ ಉಳಿಸಿಕೊಂಡ ಕತೆಯನ್ನು ಅತ್ತೆ ತೆಂಗಿನಕಾಯಿ ತುರಿಯುತ್ತಾ ಹೇಳುತ್ತಿದ್ದರು. ಮೊನ್ನೆ ಬಾಳೆಎಲೆಯಲ್ಲಿ ಬಿಸಿ ಅನ್ನ, ತೊವ್ವೆ, ಅಗಸೆ ಸೊಪ್ಪಿನ ಪಲ್ಯ. ಹಸಿವು ಚೆನ್ನಾಗಿಯೇ ಇತ್ತು. ಆದರೂ ಮೊದಲ ತುತ್ತು ಕಲಸಿದ ಕೈ ಬಾಯಿಗೆ ಹೋಗದೆ ತಾನಾಗಿ ನಿಂತಿತು. ಗೋವಿಂದ ಅಂದೆ. ಆಮೇಲೆ ಉಂಡೆ.